ಬಡಗ ಪದಪಟ್ಟಿಯೂ ಯುನಿಕ್ಸ್ ಜಾಲದ ವಿನ್ಯಾಸ ಕಡತಗಳೂ

ಉದಕಮಂಡಲದ ಸಮೀಪದ ನಂಜನಾಡಿನಂತಹ ಊರುಗಳಲ್ಲಿ ಸಂಗ್ರಹಿಸಿದ ಬಡಗ ಪದಗಳು ನಿಘಂಟಿನ ರೂಪ ಪಡೆಯುವ ಮುನ್ನ ಹಲವು ಗಣಕಗಳನ್ನು ಹಾದುಬರಬೇಕಾಗುತ್ತದೆ. ಒಂದರಲ್ಲಿ ಬೆರಳಚ್ಚು, ಇನ್ನೊಂದರಲ್ಲಿ ಅಕಾರಾದಿ ವಿಂಗಡಣೆ, ಮತ್ತೊಂದರಲ್ಲಿ ಹಳೆಯ ಪಟ್ಟಿಯೊಡನೆ ವಿಲೀನ. ಈ ಯಂತ್ರಗಳು ಒಂದೇ ರೀತಿ ವರ್ತಿಸಬೇಕಾದರೆ ಅವುಗಳ ವಿನ್ಯಾಸ ಕಡತಗಳಲ್ಲಿ ಏಕವಾಕ್ಯತೆ ಇರಬೇಕು.

ಯುನಿಕ್ಸ್‌ನಲ್ಲಿ ವಿನ್ಯಾಸ ಕಡತಗಳು ಬಹುಮಟ್ಟಿಗೆ ಸಾಮಾನ್ಯ ಪಠ್ಯಗಳೇ. 'ಇಟಿಸಿ' ಕೋಶದಲ್ಲಿರುವ 'ಹೋಸ್ಟ್ಸ್' ಕಡತವು ಯಂತ್ರಗಳ ಹೆಸರು ಮತ್ತು ವಿಳಾಸಗಳನ್ನೂ, 'ಪಾಸ್‌ವರ್ಡ್' ಕಡತವು ಬಳಕೆದಾರರ ವಿವರಗಳನ್ನೂ ಹೇಳುತ್ತದೆ. ಯಂತ್ರಗಳು ಹೆಚ್ಚಿದಂತೆ ಇವುಗಳನ್ನು ಒಂದೊಂದಾಗಿ ತಿದ್ದುವುದು ಕಷ್ಟವೆಂದು 1980ರ ದಶಕದಲ್ಲಿ ಸನ್ ಸಂಸ್ಥೆಯು ಕೇಂದ್ರ ಯಂತ್ರದಿಂದಲೇ ಮಾಹಿತಿ ಒದಗಿಸುವ ವ್ಯವಸ್ಥೆಯನ್ನು ರೂಪಿಸಿತು. ಮೊದಲು 'ಯೆಲ್ಲೋ ಪೇಜಸ್' ಎನಿಸಿದ್ದ ಅದು ಬಳಿಕ 'ಎನ್‌ಐಎಸ್' ಆಯಿತು. ಸ್ಥಳೀಯ ಕಡತವನ್ನು ಮೊದಲು ನೋಡಬೇಕೆ, ಕೇಂದ್ರವನ್ನು ಕೇಳಬೇಕೆ ಎಂಬುದನ್ನು 'ಎನ್‌ಎಸ್‌ಸ್ವಿಚ್' ಕಡತ ನಿರ್ಧರಿಸುತ್ತದೆ.

ಆದರೆ ಭಾಷೆಯ ನಿಯಮಗಳನ್ನು ಹೊತ್ತ 'ಲೊಕೇಲ್' ಆಯಾ ಯಂತ್ರದಲ್ಲಿಯೇ ಸ್ಥಾಪಿತವಾಗಿರಬೇಕು. ಇಲ್ಲವಾದರೆ ತಂತ್ರಾಂಶವು ಸದ್ದಿಲ್ಲದೆ 'ಸಿ' ಲೊಕೇಲ್‌ಗೆ ಮರಳಿ, ಸಂಕೇತಸಂಖ್ಯೆಯ ಕ್ರಮದಲ್ಲಿ ಪದಗಳನ್ನು ಜೋಡಿಸುತ್ತದೆ. ಯೂನಿಕೋಡ್‌ನಲ್ಲಿ ಳಕಾರವು ಲಕಾರದ ಬೆನ್ನಿಗೇ ಇದೆ. ಕನ್ನಡ ವರ್ಣಮಾಲೆಯಲ್ಲಾದರೋ ಅದು ಹಕಾರದ ನಂತರದ್ದು. ಹೀಗೆ ಎರಡು ಯಂತ್ರಗಳು ಎರಡು ಕ್ರಮದಲ್ಲಿ ವಿಂಗಡಿಸಿದ ಪಟ್ಟಿಗಳನ್ನು 'ಜಾಯಿನ್' ಆದೇಶದಿಂದ ಕೂಡಿಸಿದರೆ, ಜೋಡಿಯಾಗಬೇಕಾದ ಪದಗಳು ಫಲಿತಾಂಶದಿಂದಲೇ ಬಿಟ್ಟುಹೋಗಬಹುದು. ಹಿರಿಯರೊಬ್ಬರ ಬಾಯಲ್ಲಿ ಮಾತ್ರ ಉಳಿದಿದ್ದ ಪದವೊಂದು ಹೀಗೆ ಜಾರಿದರೆ ಅದು ಬರಿಯ ತಾಂತ್ರಿಕ ದೋಷವಲ್ಲ.

ಪರಿಹಾರ ಸರಳ. ವಿಲೀನದ ಕೆಲಸವನ್ನೆಲ್ಲ ಎಲ್ಲ ಯಂತ್ರಗಳಲ್ಲೂ 'ಸಿ' ಲೊಕೇಲ್‌ನಲ್ಲಿಯೇ ನಡೆಸಿ, ಅಕಾರಾದಿಯನ್ನು ಮುದ್ರಣದ ಹಂತದಲ್ಲಿ ಮಾತ್ರ ಅನ್ವಯಿಸುವುದು.

ಇನ್ನು ಬಡಗಕ್ಕೇ ಲೊಕೇಲ್ ರೂಪಿಸುವ ಪ್ರಶ್ನೆ. ಅಂತಾರಾಷ್ಟ್ರೀಯ ಭಾಷಾ ಸಂಕೇತಗಳಲ್ಲಿ ಬಡಗವು 'ಬಿಎಫ್‌ಕ್ಯೂ' ಎಂಬ ಪ್ರತ್ಯೇಕ ಗುರುತನ್ನು ಪಡೆದಿದೆ. ಗ್ನೂ ಗ್ರಂಥಾಲಯದಲ್ಲಿ ತುಳುವಿಗೆ ಈಗಾಗಲೇ ಲೊಕೇಲ್ ಇದೆ. ಸಮಾನ ನಿಯಮಗಳನ್ನು ಕನ್ನಡದ ಕಡತದಿಂದ 'ಕಾಪಿ' ಎಂಬ ಒಂದು ಸಾಲಿನಿಂದಲೇ ತರಬಹುದು. ವಾರ, ತಿಂಗಳುಗಳ ಹೆಸರುಗಳನ್ನು ಮಾತ್ರ ಬಡಗರೇ ಹೇಳಬೇಕು. ಕನ್ನಡ, ತಮಿಳು ಲಿಪಿಗಳೆರಡರಲ್ಲೂ ಬರೆಯಲಾಗುವ ಈ ನುಡಿಗೆ, ಸರ್ಬಿಯನ್‌ಗೆ ಸಿರಿಲಿಕ್ ಮತ್ತು ಲ್ಯಾಟಿನ್ ರೂಪಗಳಿರುವಂತೆ, ಎರಡು ಕಡತಗಳೂ ಸಾಧ್ಯ. ಯಾವ ಲಿಪಿ ಮೊದಲು ಎಂಬುದನ್ನು ಜಾಲದ ನಿರ್ವಾಹಕನಲ್ಲ, ನುಡಿಯುವ ಸಮುದಾಯವೇ ತೀರ್ಮಾನಿಸಬೇಕು.