ಲಕೋಟೆಯ ಮೇಲಿನ ಗೆರೆಗಳು ಏನು ಹೇಳುತ್ತವೆ?

ಮಗನ ಪಾಸ್‌ಪೋರ್ಟ್ ಸ್ಪೀಡ್ ಪೋಸ್ಟ್‌ನಲ್ಲಿ ಹೊರಟಿದೆಯೆಂದು ಮೊಬೈಲಿಗೆ ಸಂದೇಶ ಬಂದಿರುತ್ತದೆ. ಅದರಲ್ಲಿರುವ ಸಂಖ್ಯೆಯನ್ನು ಅಂಚೆ ಇಲಾಖೆಯ ಜಾಲತಾಣದಲ್ಲಿ ಹಾಕಿ ನೋಡಿದರೆ ಎರಡು ದಿನಗಳಿಂದಲೂ ಒಂದೇ ಊರಿನ ಹೆಸರು. ಎಲ್ಲಾದರೂ ಕಳೆದುಹೋಯಿತೇ ಎಂದು ತಾಯಿಯ ಮನಸ್ಸು ಹೊಯ್ದಾಡುತ್ತದೆ. ಲಕೋಟೆಯ ಮೇಲಿರುವ ಬಾರ್‌ಕೋಡ್‌ನ ಕೆಲಸವೇನೆಂದು ತಿಳಿದಿದ್ದರೆ ಈ ಚಿಂತೆ ಅರ್ಧದಷ್ಟು ಕಡಿಮೆಯಾಗುತ್ತದೆ.

ಬಾರ್‌ಕೋಡ್‌ನಲ್ಲಿ ನಿಮ್ಮ ಹೆಸರಾಗಲಿ, ವಿಳಾಸವಾಗಲಿ ಇರುವುದಿಲ್ಲ. ಅದರ ಕೆಳಗೆ ಅಚ್ಚಾಗಿರುವ ಸಂಖ್ಯೆಯನ್ನೇ ಯಂತ್ರ ಓದಲೆಂದು ಗೆರೆಗಳಲ್ಲಿ ಬರೆಯಲಾಗಿದೆ. 'ಇಇ 123456785 ಐಎನ್' ಎಂಬ ಮಾದರಿಯನ್ನು ನೋಡಿ. ಮೊದಲ ಎರಡು ಅಕ್ಷರಗಳು ಅಂಚೆಯ ಬಗೆಯನ್ನೂ ಕೊನೆಯ ಎರಡು ಅಕ್ಷರಗಳು ಕಳುಹಿಸಿದ ದೇಶವನ್ನೂ ಸೂಚಿಸುತ್ತವೆ. 'ಐಎನ್' ಎಂದರೆ ಭಾರತ, 'ಎಸ್‌ಎ' ಎಂದರೆ ಸೌದಿ ಅರೇಬಿಯ. 1874ರಲ್ಲಿ ಸ್ಥಾಪನೆಯಾದ ವಿಶ್ವ ಅಂಚೆ ಒಕ್ಕೂಟವು ರೂಪಿಸಿದ ಕ್ರಮವಿದು. ಆದ್ದರಿಂದಲೇ ಗಲ್ಫ್‌ನಿಂದ ಬಂದ ಪಾರ್ಸೆಲಿನ ಸಂಖ್ಯೆಯನ್ನು ನಮ್ಮೂರ ಅಂಚೆ ಕಚೇರಿಯೂ ಓದಬಲ್ಲದು.

ಒಂಬತ್ತು ಅಂಕಿಗಳಲ್ಲಿ ಕೊನೆಯದು ಕಾವಲುಗಾರನಿದ್ದಂತೆ. ಮೊದಲ ಎಂಟು ಅಂಕಿಗಳನ್ನು ಕ್ರಮವಾಗಿ 8, 6, 4, 2, 3, 5, 9, 7ರಿಂದ ಗುಣಿಸಿ ಕೂಡಿಸಬೇಕು. ನಮ್ಮ ಮಾದರಿಯಲ್ಲಿ ಮೊತ್ತ 204. ಅದನ್ನು 11ರಿಂದ ಭಾಗಿಸಿದರೆ ಶೇಷ 6. 11ರಿಂದ 6 ಕಳೆದರೆ 5, ಅದೇ ಕೊನೆಯ ಅಂಕಿ. ಯಾರಾದರೂ 3ನ್ನು 8 ಎಂದು ತಪ್ಪಾಗಿ ಬರೆದರೆ ಲೆಕ್ಕ ಹೊಂದುವುದಿಲ್ಲ, ಕಂಪ್ಯೂಟರ್ ಕೂಡಲೇ ತಪ್ಪನ್ನು ಹಿಡಿಯುತ್ತದೆ.

ಲಕೋಟೆಯು ಕೌಂಟರ್, ವಿಂಗಡಣಾ ಕೇಂದ್ರ, ಬಟವಾಡೆ ಮಾಡುವ ಕಚೇರಿ ಹೀಗೆ ಒಂದೊಂದು ಹಂತವನ್ನು ದಾಟುವಾಗ ಸ್ಕ್ಯಾನರ್ ಅದರ ಮೇಲೆ ಬೆಳಕು ಚೆಲ್ಲುತ್ತದೆ. ಕಪ್ಪು ಗೆರೆ ಬೆಳಕನ್ನು ಹೀರುತ್ತದೆ, ಬಿಳಿ ಜಾಗ ಪ್ರತಿಫಲಿಸುತ್ತದೆ. ಆಗ ಸ್ಥಳ ಮತ್ತು ಸಮಯ ದಾಖಲಾಗುತ್ತವೆ. ನಾವು ಮೊಬೈಲಿನಲ್ಲಿ ನೋಡುವುದು ಈ ದಾಖಲೆಯನ್ನು ಮಾತ್ರ. ಅಂದರೆ ಲಕೋಟೆ ಈಗ ಎಲ್ಲಿದೆ ಎಂದಲ್ಲ, ಕೊನೆಯ ಬಾರಿ ಅದನ್ನು ಎಲ್ಲಿ ಸ್ಕ್ಯಾನ್ ಮಾಡಲಾಯಿತು ಎಂದಷ್ಟೇ ಅದು ತಿಳಿಸುತ್ತದೆ. ಚೀಲದೊಳಗೆ ಸೇರಿ ರೈಲಿನಲ್ಲೋ ಲಾರಿಯಲ್ಲೋ ಸಾಗುತ್ತಿರುವ ಲಕೋಟೆ ಮುಂದಿನ ಸ್ಕ್ಯಾನ್‌ವರೆಗೆ ಮೌನವಾಗಿರುತ್ತದೆ. ಈ ಮೌನವೆಂದರೆ ಕಳೆದುಹೋಯಿತು ಎಂದಲ್ಲ.

ಆದರೆ ಕಾಯುವವರ ಆತಂಕವನ್ನೇ ಬಂಡವಾಳ ಮಾಡಿಕೊಂಡ ವಂಚಕರಿದ್ದಾರೆ. "ನಿಮ್ಮ ಪಾರ್ಸೆಲ್ ಗೋದಾಮಿಗೆ ಬಂದಿದೆ, ವಿಳಾಸ ಅಪೂರ್ಣವಾಗಿದೆ, 48 ಗಂಟೆಯೊಳಗೆ ಸರಿಪಡಿಸಿ" ಎಂದು ಅಂಚೆ ಇಲಾಖೆಯ ಹೆಸರಿನಲ್ಲಿ ಬರುತ್ತಿದ್ದ ಸಂದೇಶ ನಕಲಿಯೆಂದು 2024ರಲ್ಲಿ ಕೇಂದ್ರ ಸರಕಾರದ ಪಿಐಬಿ ಎಚ್ಚರಿಸಿತ್ತು. ಅಂತಹ ಲಿಂಕನ್ನು ಒತ್ತಬೇಡಿ, ಕಾರ್ಡಿನ ಸಂಖ್ಯೆಯಾಗಲಿ ಒಟಿಪಿಯಾಗಲಿ ಕೊಡಬೇಡಿ. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಹಾಗಾದರೆ ನಾವು ಮಾಡಬೇಕಾದದ್ದೇನು? ಕೌಂಟರಿನಲ್ಲಿ ಕೊಟ್ಟ ರಶೀದಿಯನ್ನು ತರಕಾರಿ ಚೀಟಿಯಂತೆ ಎಸೆಯದೆ, ಅಂಚೆ ತಲುಪುವ ತನಕ ಜೋಪಾನವಾಗಿಡಿ. ಸಂದೇಹ ಬಂದರೆ ಅದನ್ನು ಹಿಡಿದು ಅಂಚೆ ಕಚೇರಿಗೇ ಹೋಗಿ ಕೇಳಿ. ಆ ಪುಟ್ಟ ಚೀಟಿಯ ಸಂಖ್ಯೆಯೇ ನಿಮ್ಮ ಕೈಯಲ್ಲಿರುವ ಪುರಾವೆ.