ಗಣಕಯಂತ್ರದ ಮೂಲ ಚಿಪ್ಪನ್ನು ನಾವೇ ಬದಲಿಸಬಹುದೆ?

ಗುಂಡಿಯನ್ನು ಒತ್ತಿದೊಡನೆ ಗಣಕಯಂತ್ರದ ಪರದೆಯ ಮೇಲೆ ಅಕ್ಷರಗಳು ಮೂಡುವುದನ್ನು ನಾವು ನಿತ್ಯವೂ ಕಾಣುತ್ತೇವೆ. ಆದರೆ ವಿದ್ಯುತ್ತು ಹರಿದ ಆ ಮೊದಲ ಕ್ಷಣದಲ್ಲಿ ಯಂತ್ರಕ್ಕೆ ಏನೊಂದೂ ತಿಳಿದಿರುವುದಿಲ್ಲ. ತಾನು ಮಾಡಬೇಕಾದ ಮೊದಲನೆಯ ಕೆಲಸ ಯಾವುದೆಂಬುದನ್ನು ಸಹ ಅದು ಎಲ್ಲಿಂದಲಾದರೂ ಓದಿಕೊಳ್ಳಬೇಕು. ಈ ಆರಂಭದ ಪಾಠವನ್ನು ವಿದ್ಯುತ್ತು ಹೋದರೂ ಅಳಿಯದಂತೆ ಬರೆದಿಟ್ಟುಕೊಂಡಿರುವ ಚಿಪ್ಪೇ ನಮ್ಮ ಈ ಲೇಖನದ ವಿಷಯ.

೧೯೮೪ರಲ್ಲಿ ಕೇಂದ್ರ ಸರ್ಕಾರವು ‘ಕ್ಲಾಸ್’ ಎಂಬ ಯೋಜನೆಯ ಮೂಲಕ ಶಾಲೆಗಳಿಗೆ ಗಣಕಯಂತ್ರಗಳನ್ನು ಒದಗಿಸತೊಡಗಿತು. ಅದಕ್ಕಾಗಿ ಆರಿಸಿದ ಯಂತ್ರವು ಇಂಗ್ಲೆಂಡಿನ ಏಕಾರ್ನ್ ಕಂಪನಿಯು ರೂಪಿಸಿದ ‘ಬಿಬಿಸಿ ಮೈಕ್ರೊ’. ಅದರ ಕಾರ್ಯಾಚರಣ ವ್ಯವಸ್ಥೆಯೆಲ್ಲವೂ ೧೬ ಕಿಲೋಬೈಟಿನ ಒಂದೇ ಚಿಪ್ಪಿನಲ್ಲಿ ಅಡಗಿತ್ತು. ಯಂತ್ರಕ್ಕೆ ಜೀವ ಬಂದೊಡನೆ ಅದರ ೬೫೦೨ ಎಂಬ ಸಂಸ್ಕಾರಕವು ೬೫,೫೩೨ ಮತ್ತು ೬೫,೫೩೩ನೆಯ ವಿಳಾಸಗಳನ್ನು ನೋಡುತ್ತಿತ್ತು. ಕೆಲಸವನ್ನು ಎಲ್ಲಿಂದ ಮೊದಲು ಮಾಡಬೇಕೆಂಬುದು ಅಲ್ಲಿ ಬರೆದಿರುತ್ತಿತ್ತು. ಆ ಎರಡು ವಿಳಾಸಗಳೂ ಇದ್ದುದು ಆ ಚಿಪ್ಪಿನಲ್ಲಿಯೇ. ಅದು ಕೆಟ್ಟರೆ ಯಂತ್ರವು ತನಗೇನಾಗಿದೆಯೆಂದು ಹೇಳಲೂ ಅರಿಯದು.

೧೯೮೧ರ ಕೊನೆಯಲ್ಲಿ ಹೊರಬಿದ್ದ ಮೊದಲ ಯಂತ್ರಗಳ ಕಾರ್ಯಾಚರಣ ವ್ಯವಸ್ಥೆಗೆ ಡಿಸ್ಕನ್ನು ಬಳಸುವುದು ತಿಳಿದಿರಲಿಲ್ಲ. ಡಿಸ್ಕು ಬೇಕೆಂದವರು ಹೊಸ ಆವೃತ್ತಿಯ ಚಿಪ್ಪನ್ನು ಕೂರಿಸಬೇಕಾಗಿತ್ತು. ಟಾರ್ಚಿಗೆ ಸೆಲ್ಲು ಹಾಕಿದಷ್ಟೇ ಸುಲಭವೆಂದು ತೋರುವ ಈ ಕೆಲಸದಲ್ಲಿ ಅಪಾಯವೆಲ್ಲಿದೆ?

ಕಣ್ಣಿಗೆ ಕಾಣುವ ಅಪಾಯವನ್ನು ಮೊದಲು ನೋಡೋಣ. ಇಂತಹ ಚಿಪ್ಪಿಗೆ ೨೮ ಕಾಲುಗಳು. ೨೮ನೆಯ ಕಾಲಿಗೆ ೫ ವೋಲ್ಟು ಬರುತ್ತದೆ. ೧೪ನೆಯದು ಭೂಮಿಗೆ ಸೇರುತ್ತದೆ. ಚಿಪ್ಪಿನ ಒಂದು ತುದಿಯಲ್ಲಿರುವ ಅರ್ಧಚಂದ್ರಾಕಾರದ ಕಚ್ಚನ್ನು ಗಮನಿಸದೆ ತಿರುವುಮುರುವಾಗಿ ಕೂರಿಸಿದರೂ ಅದು ಲಕ್ಷಣವಾಗಿ ಕುಳಿತುಕೊಳ್ಳುತ್ತದೆ. ಆಗ ೨೮ನೆಯ ಕಾಲು ಸರಿಯಾಗಿ ೧೪ನೆಯದರ ಸ್ಥಾನದಲ್ಲಿರುವುದರಿಂದ ವಿದ್ಯುತ್ತು ಹಿಂದುಮುಂದಾಗಿ ಹರಿದು ಚಿಪ್ಪು ಸುಡತೊಡಗುತ್ತದೆ.

ಕಾಣದ ಅಪಾಯ ಇದಕ್ಕಿಂತ ಕೆಟ್ಟದು. ಚಳಿಗಾಲದ ರಾತ್ರಿ ಕಂಬಳಿಯನ್ನು ಕೊಡವಿದರೆ ಚಟಪಟ ಸದ್ದಾಗುವುದನ್ನು ವಾಚಕರು ಕೇಳಿರಬಹುದು. ಅದು ಸ್ಥಿರ ವಿದ್ಯುತ್ತು. ನಮ್ಮ ಮೈಯಲ್ಲಿ ಸುಮಾರು ೩,೦೦೦ ವೋಲ್ಟು ಸಂಗ್ರಹವಾಗುವವರೆಗೆ ಅದರ ಚುರುಕು ಬೆರಳಿಗೆ ತಾಗುವುದೇ ಇಲ್ಲ. ಚಿಪ್ಪಿನ ಒಳಗಾದರೋ, ಒಂದು ಮಿಲಿಮೀಟರಿನ ಇಪ್ಪತ್ತು ಸಾವಿರದಲ್ಲೊಂದು ಪಾಲಿನಷ್ಟು ತೆಳುವಾದ ಆಕ್ಸೈಡಿನ ಪದರವಿರುತ್ತದೆ. ಅಷ್ಟು ತೆಳು ಪದರವನ್ನು ಭೇದಿಸಲು ಸುಮಾರು ೫೦ ವೋಲ್ಟು ಸಾಕು. ಕಾಲುಗಳ ಬುಡದಲ್ಲಿ ರಕ್ಷಣೆಯ ಏರ್ಪಾಡು ಇದೆಯಾದರೂ ಅದಕ್ಕೂ ಒಂದು ಮಿತಿಯಿದೆ. ಹೀಗೆ ಪೆಟ್ಟು ತಿಂದ ಚಿಪ್ಪು ಕೆಲವೊಮ್ಮೆ ಆ ದಿನವೇ ಸಾಯದೆ, ತಿಂಗಳುಗಳ ತರುವಾಯ ಕಾರಣವಿಲ್ಲದೆಂಬಂತೆ ಕೆಡುತ್ತದೆ. ಕೂರಿಸಿದವನು ಅಷ್ಟರಲ್ಲಿ ಅದನ್ನು ಮರೆತೇ ಇರುತ್ತಾನೆ.

ಇದರಲ್ಲಿ ಊರಿನ ಹವೆಗೂ ಪಾತ್ರವುಂಟು. ಕಿತ್ತೂರಿನಿಂದ ಪೂರ್ವಕ್ಕೆ ಬೈಲಹೊಂಗಲ, ಸವದತ್ತಿಗಳನ್ನು ದಾಟಿ ರಾಮದುರ್ಗಕ್ಕೆ ಹೋಗುವವರು ಮಳೆ ಕಡಿಮೆಯಾಗುತ್ತ, ನೆಲ ಬಯಲಾಗುತ್ತ ಹೋಗುವುದನ್ನು ಕಾಣುತ್ತಾರೆ. ತೇವವುಳ್ಳ ಗಾಳಿಯಲ್ಲಿ ಆವೇಶವು ತಾನಾಗಿಯೇ ಸೋರಿಹೋಗುತ್ತದೆ, ಒಣಗಾಳಿಯಲ್ಲಿ ನಿಲ್ಲುತ್ತದೆ. ಜಮಖಾನೆಯ ಮೇಲೆ ನಡೆದಾಡುವವನ ಮೈಯಲ್ಲಿ ತೇವದ ದಿನ ೧,೫೦೦ ವೋಲ್ಟು ಸೇರಿದರೆ, ತೀರ ಒಣ ದಿನ ಅದು ೩೫,೦೦೦ವನ್ನು ಮುಟ್ಟಬಹುದು. ಆದುದರಿಂದ ಆಷಾಢದ ಕಿತ್ತೂರಿನಲ್ಲಿ ಸುರಕ್ಷಿತವಾಗಿ ಮುಗಿದ ಕೆಲಸ ಮಾಘದ ರಾಮದುರ್ಗದಲ್ಲಿ ಚಿಪ್ಪನ್ನು ಕೊಲ್ಲಬಹುದು. ಕಲ್ಲುಹಾಸಿನ ಮೇಲೆ ಬರಿಗಾಲಿನಲ್ಲಿ ಕುಳಿತವನಿಗೆ ಭಯ ಕಡಿಮೆ. ಪ್ಲಾಸ್ಟಿಕ್ ಕುರ್ಚಿ, ನೈಲಾನ್ ಅಂಗಿ, ರಬ್ಬರ್ ಚಪ್ಪಲಿಗಳು ಕೂಡಿದಲ್ಲಿ ಹೆಚ್ಚು. (ಗಣಕ ಕೊಠಡಿಯ ಹೊರಗೆ ಚಪ್ಪಲಿ ಬಿಡಿಸುತ್ತಿದ್ದುದು ಧೂಳಿನ ಸಲುವಾಗಿ, ಅದರಿಂದ ಈ ಲಾಭವೂ ಅಷ್ಟಿಷ್ಟು ಆಗಿರಬೇಕು.)

ಈಗಿನ ಲ್ಯಾಪ್‌ಟಾಪಿನಲ್ಲಿ ಕಾರ್ಯಾಚರಣ ವ್ಯವಸ್ಥೆಯು ಡಿಸ್ಕಿನಲ್ಲಿದ್ದು, ಆರಂಭದ ಪಾಠವಾದ ‘ಬಯಾಸ್’ ಮಾತ್ರ ಎಂಟು ಕಾಲಿನ ಪುಟ್ಟ ಚಿಪ್ಪಿನಲ್ಲಿರುತ್ತದೆ. ದೊಡ್ಡ ರಿಪೇರಿಗೆ ಬೆಳಗಾವಿಗೋ ಹುಬ್ಬಳ್ಳಿಗೋ ಹೋಗಬೇಕಾದ ಊರುಗಳಲ್ಲಿ, ಅಂಚೆಯಲ್ಲಿ ಚಿಪ್ಪನ್ನು ತರಿಸಿ ತಾವೇ ಬೆಸೆಯುವ ಆಸೆ ವಿದ್ಯಾರ್ಥಿಗಳಿಗೆ ಹುಟ್ಟುವುದು ಸಹಜ. ಇಂತಹ ಚಿಪ್ಪುಗಳಲ್ಲಿ ಕೆಲವು ೩.೩ ವೋಲ್ಟಿನವು, ಕೆಲವು ೧.೮ ವೋಲ್ಟಿನವು, ಆಕಾರದಲ್ಲಿ ಭೇದವಿಲ್ಲ. ಇವುಗಳಿಗೆ ಬರೆಯುವ ಅಗ್ಗದ ಸಾಧನಗಳಲ್ಲಿ ಕೆಲವು ಸಂಕೇತದ ತಂತಿಗಳಿಗೆ ೫ ವೋಲ್ಟನ್ನೇ ಕೊಡುತ್ತವೆ. ಚಿಪ್ಪಿನ ಮೇಲಿನ ಸಂಖ್ಯೆಯನ್ನು ಭೂತಗನ್ನಡಿಯಿಂದ ಓದಿ ವೋಲ್ಟನ್ನು ತಿಳಿದುಕೊಳ್ಳದೆ ಕೈಹಾಕುವುದು ಸಾಹಸವಲ್ಲ, ಅವಿವೇಕ.

ಇನ್ನೊಂದು ಸಂಗತಿ. ಹಳೆಯ ಚಿಪ್ಪಿನಲ್ಲಿ ಆ ಒಂದು ಯಂತ್ರಕ್ಕೇ ಮೀಸಲಾದ ಕ್ರಮಸಂಖ್ಯೆಯೇ ಮೊದಲಾದ ವಿವರಗಳೂ ಇರುವುದುಂಟು. ಬೇರೆ ಯಂತ್ರದಿಂದ ನಕಲು ಮಾಡಿದ ಬರಹದಲ್ಲಿ ಅವು ಸಿಗುವುದಿಲ್ಲ. ಆದಕಾರಣ ಕೆಲಸ ಬಲ್ಲವರು ಮೊದಲು ಬ್ಯಾಟರಿಯನ್ನು ಕಳಚಿ, ಭೂಮಿಗೆ ಸೇರಿದ ಲೋಹವನ್ನು ಮುಟ್ಟಿ, ಹಳೆಯ ಚಿಪ್ಪನ್ನು ಎರಡು ಬಾರಿ ಓದುತ್ತಾರೆ. ಎರಡು ಪ್ರತಿಗಳೂ ಅಕ್ಷರಶಃ ಒಂದೇ ಆಗಿದ್ದರೆ ಮಾತ್ರ ಹೊಸ ಚಿಪ್ಪಿನ ಪೊಟ್ಟಣವನ್ನು ಬಿಚ್ಚುತ್ತಾರೆ.