ಹಿಮದ ಕೌದಿಯ ಕೆಳಗೆ ಕಾಡುಹೂವು

1907ನೆಯ ಇಸವಿಯ ವಸಂತಕಾಲದಲ್ಲಿ ಅಮೆರಿಕದ ಮಿನಿಯಾಪೊಲಿಸ್ ನಗರದ ಉದ್ಯಾನ ಮಂಡಲಿಯ ಮುಂದೆ ವಿಚಿತ್ರವಾದೊಂದು ಮನವಿ ಬಂದಿತು. ಊರಿನ ಉದ್ಯಾನವೊಂದರಲ್ಲಿ ಸ್ವಲ್ಪ ನೆಲವನ್ನು ಬಿಟ್ಟುಕೊಡಬೇಕು. ಅಲ್ಲಿ ಗುಲಾಬಿಯ ಪಾತಿಗಳನ್ನಲ್ಲ, ಯಾರೂ ನೆಡದೆ ಕಾಡಿನಲ್ಲಿ ತಾವಾಗಿ ಬೆಳೆಯುವ ಗಿಡಗಳನ್ನು ಬೆಳೆಸಬೇಕು ಎಂಬುದು ಕೋರಿಕೆ. ಕೇಳಿದವರು ಶಾಲೆಗಳಲ್ಲಿ ಸಸ್ಯಶಾಸ್ತ್ರ ಕಲಿಸುವ ಉಪಾಧ್ಯಾಯರು. ಅವರಲ್ಲಿ ಮುಂದಾಳಾಗಿದ್ದಾಕೆ 55 ವರ್ಷದ ಕುಮಾರಿ ಎಲೊಯಿಸ್ ಬಟ್ಲರ್.

ಆಗ ನಗರವು ವರ್ಷವರ್ಷಕ್ಕೂ ಹಬ್ಬುತ್ತಿದ್ದಿತು. ಜೌಗು ನೆಲದ ನೀರನ್ನು ಬಸಿದು ಮನೆಗಳನ್ನು ಕಟ್ಟುತ್ತಿದ್ದರು. ಪಾಠದಲ್ಲಿ ಬರುವ ಹೂವೊಂದನ್ನು ಮಕ್ಕಳಿಗೆ ತೋರಿಸಬೇಕಾದರೂ ದೂರದೂರ ಅಲೆಯಬೇಕಾದ ಕಾಲ ಬಂದಿತ್ತು. ಮಂಡಲಿ ಒಪ್ಪಿಕೊಂಡಿತು. ದೊರೆತ ಜಾಗ ಚಿಕ್ಕದಾದರೂ ಅದರಲ್ಲಿ ಜೌಗು, ಹುಲ್ಲುಗಾವಲು, ಮರಗಳ ನೆರಳು ಬೀಳುವ ಇಳಿಜಾರು ಎಲ್ಲವೂ ಇದ್ದವು. 1911ರಲ್ಲಿ ಉಪಾಧ್ಯಾಯ ವೃತ್ತಿಯಿಂದ ನಿವೃತ್ತರಾದ ಬಟ್ಲರ್ ತೋಟದ ಮೇಲ್ವಿಚಾರಕಿಯಾದರು. ಆಕೆ ಊರ ಹೊರಗೆ ಅಲೆದು, ಅಳಿಯಲಿದ್ದ ಗಿಡಗಳನ್ನು ಬೇರುಸಹಿತ ತಂದು ನೆಡುತ್ತಿದ್ದರು. ಕೆಸರಿನದನ್ನು ಕೆಸರಿಗೆ, ನೆರಳಿನದನ್ನು ನೆರಳಿಗೆ ಇಡುವುದೇ ಈ ಬಗೆಯ ತೋಟಗಾರಿಕೆಯ ಮೊದಲ ಪಾಠ. ಅತಿಯಾದ ಉಪಚಾರ ಇಲ್ಲಿ ಸಲ್ಲದು. ಹುಲ್ಲುಗಾವಲಿನ ಗಿಡಕ್ಕೆ ಪ್ರೀತಿಯಿಂದ ಗೊಬ್ಬರ ಹಾಕಿದರೆ ಅದು ಸೊಕ್ಕಿ ಉದ್ದಕ್ಕೆ ಬೆಳೆದು ಮಗುಚಿಬೀಳುತ್ತದೆ!

ಮಿನಿಯಾಪೊಲಿಸ್ಸಿನ ಚಳಿಯೆಂದರೆ ನಮ್ಮ ಪುಷ್ಯಮಾಸದ ಚಳಿಯಲ್ಲ. ಉಷ್ಣಮಾನ ಸೊನ್ನೆಗಿಂತ 30 ಡಿಗ್ರಿ ಸೆಂಟಿಗ್ರೇಡ್ ಕೆಳಕ್ಕೆ ಇಳಿದದ್ದೂ ಉಂಟು. ಇಂಥ ಊರಿನಲ್ಲಿ ಹೂದೋಟವೆ ಎಂದು ಓದುಗರು ಕೇಳಿಯಾರು. ಆದರೆ ಆ ನೆಲದ ಅನೇಕ ಗಿಡಗಳಿಗೆ ಚಳಿಗಾಲವಿಲ್ಲದಿದ್ದರೆ ಬಾಳೇ ಇಲ್ಲ. ನಮ್ಮಲ್ಲಿ ರಾಗಿ ಬಿತ್ತಿದರೆ ವಾರ ಕಳೆಯುವುದರೊಳಗೆ ಮೊಳಕೆ ಕಾಣುತ್ತದೆ. ಅಲ್ಲಿ ಎಲೆ ಉದುರುವ ಕಾಲಕ್ಕೆ ನೆಲಕ್ಕೆ ಬಿದ್ದ ಬೀಜ ಹಾಗೆ ಅವಸರಪಟ್ಟರೆ ಎಳೆಯ ಸಸಿ ಹಿಮಕ್ಕೆ ಸಿಕ್ಕಿ ಸಾಯುವುದು ಖಂಡಿತ. ಆದುದರಿಂದ ತೇವದ ಚಳಿಯಲ್ಲಿ ಎರಡು ಮೂರು ತಿಂಗಳು ಮಲಗಿದ ಹೊರತು ಅಂಥ ಬೀಜ ಕಣ್ಣು ತೆರೆಯದು. ತೋಟಗಾರರು ಹಿಮ ಬೀಳುವ ಮುನ್ನವೇ ಬಯಲಿನಲ್ಲಿ ಬಿತ್ತಿಬಿಡುತ್ತಾರೆ. ಕಾಲ ಮೀರಿದರೆ ಒದ್ದೆ ಮರಳಿನಲ್ಲಿ ಬೀಜ ಬೆರೆಸಿ ರೆಫ್ರಿಜರೇಟರಿನಲ್ಲಿಟ್ಟು ಚಳಿಗಾಲವನ್ನು ಮನೆಯೊಳಗೇ ಬರಿಸುವುದೂ ಉಂಟು.

ಮೂರೆಲೆ, ಮೂರೆಸಳಿನ ಟ್ರಿಲಿಯಂ ಇನ್ನೂ ನಿಧಾನ. ಮೊದಲನೆಯ ಚಳಿಗಾಲ ಕಳೆದ ಮೇಲೆ ಅದು ಬೇರು ಬಿಡುತ್ತದೆ. ಎರಡನೆಯದು ಕಳೆದ ಮೇಲೆ ಎಲೆ. ಹೂವಿಗಾಗಿ ಏಳು ವರ್ಷವೋ ಅದಕ್ಕೂ ಹೆಚ್ಚೋ ಕಾಯಬೇಕು. ಅದರ ಬೀಜಕ್ಕೆ ಅಂಟಿರುವ ಕೊಬ್ಬಿನ ತುಣುಕಿನ ಆಸೆಗೆ ಇರುವೆಗಳು ಬೀಜವನ್ನು ಗೂಡಿಗೆ ಹೊತ್ತುಕೊಂಡು ಹೋಗಿ, ತುಣುಕನ್ನು ತಿಂದು ಬೀಜವನ್ನು ಬಿಸಾಡುತ್ತವೆ. ಕೂಲಿಯಿಲ್ಲದ ಬಿತ್ತನೆ!

ಬೇರುಗಳ ರಕ್ಷಣೆಗೆ ಹಿಮವೇ ಕೌದಿ. ಅದರೊಳಗೆ ಸಿಕ್ಕಿಕೊಂಡ ಗಾಳಿ ಹತ್ತಿಯ ಹಾಸಿನಂತೆ ನೆಲದ ಬಿಸಿಯನ್ನು ಹಿಡಿದಿಡುತ್ತದೆ. ತೋಟಗಾರನಿಗೆ ನಿಜವಾದ ಭಯವಿರುವುದು ಹಿಮ ಬೀಳದ ಚಳಿಗಾಲದಲ್ಲಿ. ಆಗ ಬರಿಯ ನೆಲ ಹಗಲು ಕರಗಿ ರಾತ್ರಿ ಹೆಪ್ಪುಗಟ್ಟುತ್ತ ಎಳೆಯ ಗಿಡಗಳ ಬೇರನ್ನು ಮೇಲಕ್ಕೆ ನೂಕಿಬಿಡುತ್ತದೆ. ನೆಲ ಹೆಪ್ಪುಗಟ್ಟಿದ ಮೇಲೆ ತರಗೆಲೆ ಹೊದಿಸುವುದು ಇದಕ್ಕಾಗಿಯೇ. ಕೌದಿಯನ್ನು ತಾನೇ ಸರಿಸಿಕೊಂಡು ಏಳುವ ಗಿಡವೂ ಒಂದಿದೆ. ಸ್ಕಂಕ್ ಕ್ಯಾಬೇಜ್ ಎಂಬುದು ಹೂ ಬಿಡುವಾಗ ಸುತ್ತಲಿನ ಗಾಳಿಗಿಂತ 15 ಡಿಗ್ರಿಗೂ ಮಿಗಿಲಾಗಿ ಬಿಸಿಯೇರಿ, ತನ್ನ ಸುತ್ತಲ ಹಿಮವನ್ನು ಕರಗಿಸಿ ತಲೆಯೆತ್ತುತ್ತದೆ. ಅದರ ದುರ್ವಾಸನೆಯನ್ನು ಮಾತ್ರ ನೊಣಗಳೇ ಮೆಚ್ಚಬೇಕು.

ಪೊದೆಗಳ ಪೈಕಿ ಕೆಂಪು ಡಾಗ್‌ವುಡ್ಡಿನ ಎಳೆಯ ಕಡ್ಡಿಗಳು ಬಿಳಿಯ ಹಿಮದ ಮೇಲೆ ಕುಂಕುಮದಂತೆ ಕಾಣುತ್ತವೆ. ಹಳೆಯ ಕಡ್ಡಿಗೆ ಆ ಬಣ್ಣವಿಲ್ಲವಾಗಿ ಆಗಾಗ್ಗೆ ಬುಡಕ್ಕೆ ಸವರಬೇಕು. ವಿಚ್ ಹೇಜಲ್ ಎಂಬ ಪೊದೆ ಮಿಕ್ಕ ಗಿಡಗಳೆಲ್ಲ ಮಲಗುವ ಅಕ್ಟೋಬರಿನಲ್ಲಿ ಹಳದಿ ಹೂ ಬಿಡುತ್ತದೆ.

ಇವೆಲ್ಲದರಲ್ಲಿ ರಾಣಿಯೆಂದರೆ ಬಿಳುಪು ನಸುಗೆಂಪು ಬಣ್ಣದ ಲೇಡೀಸ್ ಸ್ಲಿಪರ್ ಎಂಬ ನೆಲದ ಆರ್ಕಿಡ್. ಹೂವಿನ ಆಕಾರ ಪುಟ್ಟ ಪಾದರಕ್ಷೆಯದು. ಮಿನ್ನೆಸೋಟ ಸಂಸ್ಥಾನದ ಲಾಂಛನದ ಹೂವೂ ಇದೇ. ಇದರ ಬೀಜ ಧೂಳಿನಷ್ಟು ಸಣ್ಣ. ಒಳಗೆ ಬುತ್ತಿಯೇ ಇಲ್ಲ. ಮಣ್ಣಿನಲ್ಲಿರುವ ಒಂದು ಬಗೆಯ ಶಿಲೀಂಧ್ರ ಉಣಿಸಿದರೆ ಮಾತ್ರ ಬದುಕು. ಬೀಜದಿಂದ ಹೂವಿಗೆ 16 ವರ್ಷಗಳವರೆಗೂ ಹಿಡಿಯಬಹುದು. ಜನ ಕೈತುಂಬ ಕಿತ್ತೊಯ್ಯುತ್ತಿದ್ದ ಈ ಹೂವಿಗೆ 1925ರಲ್ಲಿ ಸಂಸ್ಥಾನದ ಕಾನೂನು ರಕ್ಷಣೆ ನೀಡಿತು. ಬಟ್ಲರ್ ಅವರೂ ಕಾಡಿನಿಂದ ಗಿಡ ಕಿತ್ತು ತಂದವರೇ ಎಂಬುದನ್ನು ಮರೆಮಾಚಬೇಕಾಗಿಲ್ಲ. ನಾಳೆ ಬಸಿಯಲಿದ್ದ ಕೆಸರಿನಿಂದ ಕಿತ್ತು ಉಳಿಸುವುದು ಬೇರೆ, ಅಂದಕ್ಕಾಗಿ ಕಾಡನ್ನು ಬರಿದುಮಾಡುವುದು ಬೇರೆ. ಈಗ ಸಸ್ಯಾಗಾರಗಳಲ್ಲಿ ಬೀಜದಿಂದಲೇ ಬೆಳೆಸಿದ ಗಿಡಗಳು ದೊರೆಯುವುದರಿಂದ ಮನೆಯ ತೋಟಕ್ಕೆ ಆ ದಾರಿಯೇ ಸರಿಯಾದುದು.

ತೋಟಕ್ಕೆ ನುಗ್ಗಿ ಹಾಳುಗೆಡಹುವವರ ಕಾಟ ಬಟ್ಲರ್ ಅವರಿಗೂ ತಪ್ಪಲಿಲ್ಲ. 1924ರಲ್ಲಿ ಆಕೆ ಸ್ವಂತ ಹಣದಿಂದ ಬೇಲಿ ಹಾಕಿಸಿದರು. ಪ್ರತಿ ಚಳಿಗಾಲವೂ ಪೂರ್ವದ ಕಡೆಯ ಬಂಧುಗಳ ಮನೆಗೆ ಹೋಗಿ, ಹಿಮ ಕರಗುವ ವೇಳೆಗೆ ಮರಳುವುದು ಆಕೆಯ ರೂಢಿ. 1933ರಲ್ಲಿಯೂ ಹಾಗೆಯೇ ಬಂದರು. ಏಪ್ರಿಲ್ 10ರಂದು ತೋಟಕ್ಕೆ ಹೊರಟಾಗ ಹೃದಯಾಘಾತವಾಗಿ ಅದೇ ದಿನ ತೀರಿಕೊಂಡರು. ಆಕೆಯ ಚಿತಾಭಸ್ಮವನ್ನು ಆ ತೋಟದಲ್ಲಿಯೇ ಚೆಲ್ಲಿದರು.

ಕೀಲಿಕೈ ಮಾರ್ಥಾ ಕ್ರೋನ್ ಎಂಬಾಕೆಯ ಕೈಸೇರಿತು. 1944ರಲ್ಲಿ ತೋಟಕ್ಕೆ ಹುಲ್ಲುಗಾವಲಿನ ಹೊಸ ಭಾಗವೊಂದು ಕೂಡಿತು. ಬಟ್ಲರ್ ಕಣ್ಮುಚ್ಚಿದ ವರ್ಷ ಲೇಡೀಸ್ ಸ್ಲಿಪರಿನ ಬೀಜವೊಂದು ಕೆಸರಿಗೆ ಬಿದ್ದು ಪೂರ್ತಿ ಹದಿನಾರು ವರ್ಷ ತೆಗೆದುಕೊಂಡಿದ್ದರೆ ಅದು ಹೂ ಬಿಡಬೇಕಾಗಿದ್ದುದು 1949ರ ಬೇಸಗೆಯಲ್ಲಿ. ನೋಡಲು ಕ್ರೋನ್ ಇನ್ನೂ ಅಲ್ಲಿಯೇ ಇದ್ದರು. ಆಕೆ ತೋಟವನ್ನು ಬಿಟ್ಟದ್ದು 1950ರ ದಶಕದ ಕೊನೆಯಲ್ಲಿ.